ನಕ್ಷತ್ರ ಹುಟ್ಟದ ಗೆಲಾಕ್ಸಿಗೆ ಬಂಜೆ ಅಂದವರು

ನಿವೃತ್ತರಾದವರು ಬರೆಯಲು ಕೂತರೆ ಮೊದಲು ಶಾಲು, ಹಾರ, ಫೋಟೊ ಬರುತ್ತವೆ. ನನಗೂ ಒಂದು ಶಾಲು ಹೊದಿಸಿದ್ದಾರೆ. ಅದು ಟ್ರಂಕಿನಲ್ಲಿದೆ, ಇರಲಿ. ನನ್ನ ಜಾಗಕ್ಕೆ ಈಗ ಹೊಸಬರು ಬಂದಿದ್ದಾರೆ. ಆಗಾಗ ಫೋನ್ ಮಾಡಿ, "ಮೇಡಂರಿ, ಈ ಕೆಲಸ ಖರೇನ ಹೆಂಗಿರ್ತದ್ರಿ?" ಅಂತ ಕೇಳುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಸಕ್ಕರೆ ಮಾತು ಬೇಕಾದವರು ಇಲ್ಲಿಗೇ ಎದ್ದು ಹೋಗಬಹುದು. ನನಗಿನ್ನೂ ಸಿಟ್ಟು ಇಳಿದಿಲ್ಲ.

ನನ್ನದು ಸಂಚಾರಿ ತಾರಾಲಯದ ಕೆಲಸ. ಒಂದು ವ್ಯಾನು, ಅದರಲ್ಲಿ ಮಡಚಿಟ್ಟ ಕಪ್ಪು ಬಟ್ಟೆಯ ಗುಮ್ಮಟ, ಅದಕ್ಕೆ ಗಾಳಿ ಊದಲು ಒಂದು ದೊಡ್ಡ ಫ್ಯಾನು. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳ ಶಾಲೆಗಳಿಗೆ ಹೋಗುವುದು, ಅಂಗಳದಲ್ಲಿ ಗುಮ್ಮಟ ಎಬ್ಬಿಸುವುದು, ಮಕ್ಕಳನ್ನು ಒಳಗೆ ಕೂರಿಸಿ ಹಾಡುಹಗಲಲ್ಲೇ ಆಕಾಶ ತೋರಿಸುವುದು. ಮಕ್ಕಳು ಅದನ್ನು ಚಿಕ್ಕಿ ಡೇರೆ, ಅಂದರೆ ಚುಕ್ಕೆಗಳ ಡೇರೆ, ಅನ್ನುತ್ತಿದ್ದರು. ವ್ಯಾನು ಓಡಿಸುತ್ತಿದ್ದವನು ಶಹಾಪುರದ ಮಹಿಬೂಬ. ಡ್ರೈವರ್ ಅಂತ ಬರೆದುಕೊಂಡಿದ್ದರೂ ಡೇರೆ ಹಾಕುವವನು, ಕಳಚುವವನು, ಒಳಗೆ ಗದ್ದಲ ಮಾಡುವ ಮಕ್ಕಳನ್ನು ಗದರಿಸುವವನು ಎಲ್ಲಾ ಅವನೇ.

ನಾನು ಸೇರಿದಾಗ ಯಂತ್ರ ಅಂದರೆ ತೂತು ಕೊರೆದ ಒಂದು ಉರುಳೆ, ಒಳಗೊಂದು ಬಲ್ಬು. ಕೈಯಿಂದ ತಿರುಗಿಸುತ್ತಾ ಬಾಯಿಂದ ಹೇಳಬೇಕು. ಸಗರದ ಶಾಲೆಯಲ್ಲಿ ಒಮ್ಮೆ ನಾನು ಕಪ್ಪುಕುಳಿಯ ಬಗ್ಗೆ ಹೇಳುತ್ತಿರುವಾಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು, ಗುಮ್ಮಟ ಮೆಲ್ಲಗೆ ನಮ್ಮೆಲ್ಲರ ತಲೆಯ ಮೇಲೆ ಬಂದು ಕೂತಿತು. ನಾನು ಹೆದರಿಬಿಟ್ಟೆ. ಮಹಿಬೂಬ ಬಟ್ಟೆ ಎತ್ತಿ ಒಬ್ಬೊಬ್ಬರನ್ನೇ ಹೊರಗೆಳೆದ. ಹೊರಬಂದ ಮಕ್ಕಳೆಲ್ಲ ಒಂದೇ ಹಟ: "ಅಕ್ಕೋರ, ಕಪ್ಪುಕುಳಿ ನುಂಗಿದ್ದು ಛಲೋ ಇತ್ತರಿ, ಇನ್ನೊಮ್ಮಿ ಮಾಡ್ರಿ!" ಅಂಥ ಪೆಟ್ಟುಗಳಿಂದ ನಾನು ಕಲಿತೆ. ಯಂತ್ರ ಕೈಕೊಟ್ಟರೂ ಬಾಯಿ ನಮ್ಮದೇ ಇರಬೇಕು.

ಶಹಾಪುರದಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಕ್ಷತ್ರಗಳು ಹುಟ್ಟುವುದು ಅನಿಲದಿಂದ, ಆದರೆ ಕೆಲವು ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರ ಹುಟ್ಟುವುದು ನಿಂತುಹೋಗಿದೆ, ಅಲ್ಲಿ ಅನಿಲ ಖಾಲಿಯಾಗಿದೆ ಅಂತ ನಾನು ಹೇಳಿ ಮುಗಿಸಿದ್ದೆ. ಆ ಹುಡುಗಿ ಕತ್ತಲಲ್ಲೇ ಕೈ ಎತ್ತಿದಳಂತೆ, ನನಗೆ ಕಾಣಲಿಲ್ಲ. ಕೊನೆಗೆ ಕೂಗಿಯೇ ಕೇಳಿದಳು: "ಖಾಲಿ ಆದ್ರ ಆತೇನ್ರಿ? ಮತ್ತ ತುಂಬಂಗಿಲ್ಲ ಯಾಕ್ರಿ?"

ಮನೆಗೆ ಹೋಗಿ ಓದಿದೆ. ಗೊತ್ತಿದ್ದ ಕಾಲೇಜು ಮೇಷ್ಟ್ರುಗಳನ್ನು ಪೀಡಿಸಿದೆ. ಓದುತ್ತಾ ಹೋದಂತೆ ತಿಳಿದದ್ದು ಇಷ್ಟು. ಗೆಲಾಕ್ಸಿ ತನ್ನಷ್ಟಕ್ಕೆ ತಾನು ಸುಮ್ಮನೆ ನಿಲ್ಲುವುದಿಲ್ಲ. ಅದಕ್ಕೆ ಹೊರಗಿನಿಂದ ಅನಿಲ ಬಂದು ಬೀಳುತ್ತಿರಬೇಕು. ಆ ದಾರಿ ಮುಚ್ಚಿದರೆ ಇದ್ದದ್ದು ಕ್ರಮೇಣ ತೀರುತ್ತದೆ. ಕೆಲವು ಕಡೆ ಅನಿಲ ಬೇಕಾದಷ್ಟಿದೆ, ಆದರೆ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತ ಎದ್ದ ಆರ್ಭಟ ಅದನ್ನು ಕಾಯಿಸಿಬಿಟ್ಟಿದೆ, ಇಲ್ಲವೇ ಆಚೆಗೆ ಊದಿಬಿಟ್ಟಿದೆ. ಅನಿಲ ತಣ್ಣಗಾಗದೆ ಮುದ್ದೆಗಟ್ಟುವುದಿಲ್ಲ, ಮುದ್ದೆಗಟ್ಟದೆ ನಕ್ಷತ್ರವಾಗುವುದಿಲ್ಲ. ಇನ್ನು ಕೆಲವು ಗೆಲಾಕ್ಸಿಗಳು ದೊಡ್ಡ ಗುಂಪೊಂದರೊಳಗೆ ಬೀಳುತ್ತವೆ. ಆ ಗುಂಪಿನಲ್ಲಿ ತುಂಬಿರುವ ಬಿಸಿ ಅನಿಲಕ್ಕೆ ಎದುರಾಗಿ ನುಗ್ಗುವಾಗ ಅವುಗಳ ಅನಿಲ ಕಿತ್ತುಹೋಗುತ್ತದೆ. ಯಾವುದು ಎಲ್ಲಿ ಎಷ್ಟು ಅನ್ನುವುದರಲ್ಲಿ ಬಲ್ಲವರಲ್ಲೂ ಇನ್ನೂ ಜಗಳ ಮುಗಿದಿಲ್ಲ.

ಅಂದಿನಿಂದ ನಾನು ಪ್ರತಿ ಶಾಲೆಯಲ್ಲೂ ಇದನ್ನು ನಮ್ಮ ಭಾಷೆಯಲ್ಲಿ ಹೇಳತೊಡಗಿದೆ. ಮಕ್ಕಳು ಕೇಳುತ್ತಿದ್ದರು, ಎದುರು ವಾದಿಸುತ್ತಿದ್ದರು. ಕೆಲಸದಲ್ಲಿ ನನಗೆ ಬಹಳ ಸುಖ ಕೊಟ್ಟ ಕಾಲ ಅದು.

ಆಮೇಲೆ ಹೊಸ ಯಂತ್ರ ಬಂತು. ಲ್ಯಾಪ್‌ಟಾಪು, ದಪ್ಪ ಗೋಲಿಯಂಥ ಲೆನ್ಸು, ಗುಮ್ಮಟದ ತುಂಬಾ ಚಲಿಸುವ ಚಿತ್ರ. ನೋಡಿದರೆ ನನಗೇ ರೋಮಾಂಚನ. ಆದರೆ ಅದರ ಜೊತೆಗೆ ಒಂದು ಪೀಡೆಯೂ ಬಂತು. ಇನ್ನು ಮೇಲೆ ಯಾರೂ ಬಾಯಿಂದ ಹೇಳುವಂತಿಲ್ಲ, ರೆಕಾರ್ಡ್ ಮಾಡಿದ ದನಿಯನ್ನೇ ಹಾಕಬೇಕು ಅಂತ ಆದೇಶ. ಆ ಮಾತುಗಳನ್ನು ಬರೆದವರು ನಮ್ಮ ಮೇಲಿನ ಸಾಹೇಬರು. ಹೆಸರು ಬೇಡ. ಅವರಿಗೆ ಉಪಮೆಯ ಹುಚ್ಚು. ಚಂದ್ರ ಅಂದರೆ ಮದುಮಗಳ ಮುಖ, ಶನಿಗ್ರಹ ಅಂದರೆ ಮುಂಡಾಸು ಸುತ್ತಿದ ಗೌಡ. ಅಲ್ಲಿಯವರೆಗೆ ಸಹಿಸಿಕೊಂಡೆ. ನಕ್ಷತ್ರ ಹುಟ್ಟು ನಿಂತ ಗೆಲಾಕ್ಸಿಯ ಚಿತ್ರ ಬಂದಾಗ ಹಿಂದೆ ಅಳುವ ಶಹನಾಯಿ, ಮೇಲೆ ಗಂಡು ದನಿ:

"ನೋಡಿ ಮಕ್ಕಳೇ, ಇದು ಬಂಜೆ ಗೆಲಾಕ್ಸಿ. ಇದರ ಒಡಲು ಬತ್ತಿದೆ. ಇನ್ನು ಇಲ್ಲಿ ಒಂದು ನಕ್ಷತ್ರವೂ ಹುಟ್ಟದು."

ಮೊದಲ ಸಲ ಕೇಳಿದಾಗ ನನ್ನ ಮೈ ಉರಿಯಿತು. ಯಾದಗಿರಿಯ ಸಭೆಯಲ್ಲಿ ಎಲ್ಲರ ಮುಂದೆಯೇ ಎದ್ದು ನಿಂತೆ.

"ಸರ್, ಇದು ತಪ್ಪದ್ರಿ. ಗೆಲಾಕ್ಸಿದು ಏನೂ ತಪ್ಪಿಲ್ಲ. ಬರೋ ಅನಿಲದ ದಾರಿ ಬಂದ್ ಆಗಿರ್ತದ, ಇಲ್ಲಾಂದ್ರ ಅನಿಲ ಕಾದಿರ್ತದ, ಇಲ್ಲಾಂದ್ರ ಅದು ಹೋಗಿ ಬಿದ್ದ ಗುಂಪಿನ್ಯಾಗ ಅನಿಲ ಕಿತ್ತಹೋಗಿರ್ತದ. ಒಡಲು ಬತ್ತೇದ ಅಂತ ಹೆಂಗ ಅಂತೀರಿ?"

"ಮೇಡಂ, ಮಕ್ಕಳಿಗೆ ಅಷ್ಟೆಲ್ಲಾ ಬೇಕಾ? ಒಂದೇ ಪದದಲ್ಲಿ ಪಟ್ಟನೆ ಅರ್ಥ ಆಗಬೇಕು."

"ಅರ್ಥ ಆಗ್ತದ ಸರ್. ತಪ್ಪ ಅರ್ಥ ಆಗ್ತದ. ಅಲ್ಲದ ಡೇರೆದಾಗ ಬರೇ ಹುಡುಗ್ರು ಇರಂಗಿಲ್ಲ, ಊರಿನ ದೊಡ್ಡ ಹೆಣ್ಮಕ್ಕಳೂ ಬಂದು ಕುಂದ್ರತಾರ. ಅವರಿಗೆ ಏನನಸ್ತದ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ತಗ್ಗಿಸಿ, ಅನುಕಂಪ ತೋರಿಸುವವರ ಹಾಗೆ ಕೇಳಿದರು: "ನಿಮಗೆ ಮಕ್ಕಳೆಷ್ಟು ಮೇಡಂ?"

"ಇಬ್ಬರು."

"ಮತ್ತೆ ನಿಮಗ್ಯಾಕೆ ಬೇಜಾರು?"

ಸಭೆಯಲ್ಲಿ ನಾಲ್ಕಾರು ಜನ ನಕ್ಕರು. ಆ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಮಕ್ಕಳಿದ್ದವಳಿಗೆ ಸಿಟ್ಟು ಬರಬಾರದು, ಇಲ್ಲದವಳು ಬಾಯಿ ತೆಗೆಯಬಾರದು. ಹಾಗಾದರೆ ಈ ಮಾತನ್ನು ಬೇಡ ಅನ್ನುವವರು ಯಾರು? ಹೊಸಬರೇ, ನಿಮಗೂ ಇಂಥ ಪ್ರಶ್ನೆ ಬರುತ್ತದೆ. ನಿಮ್ಮ ಮಾತಿಗೆ ಉತ್ತರ ಕೊಡಲಾಗದವರು ನಿಮ್ಮ ಮನೆಯ ಲೆಕ್ಕ ಕೇಳುತ್ತಾರೆ.

ಬರಹದಲ್ಲೂ ದೂರು ಕೊಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ದನಿ ಹಾಗೇ ಉಳಿಯಿತು.

ಕಕ್ಕೇರಾದ ಕಡೆಯ ಒಂದು ಶಾಲೆಗೂ ಆ ದನಿ ಹೋಯಿತು. ಯಾವ ಶಾಲೆ ಅಂತ ಹೇಳುವುದಿಲ್ಲ. ಅಂದು ಡೇರೆಯೊಳಗೆ ಮಕ್ಕಳ ಹಿಂದೆ, ಗೋಡೆಬಟ್ಟೆಗೆ ಒರಗಿ ಬಿಸಿಯೂಟದ ಅಡುಗೆಯವಳೂ ಕೂತಿದ್ದಳು. ಬೇಳೆ ಬೇಯಲು ಇಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಕೂತವಳು. ಶಹನಾಯಿ ಶುರುವಾದ ಸ್ವಲ್ಪ ಹೊತ್ತಿಗೆ ಆಕೆ ಎದ್ದು ಹೊರಗೆ ಹೋದದ್ದನ್ನು ನೋಡಿದೆ. ಒಲೆ ನೆನಪಾಗಿರಬೇಕು ಅಂದುಕೊಂಡೆ.

ಕೆಲವು ವಾರ ಕಳೆದಿರಬೇಕು. ಸುರಪುರದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ನಿಂತಿದ್ದೆವು. ಮಹಿಬೂಬನಿಗೆ ಆ ಶಾಲೆಯ ಮೇಷ್ಟ್ರೊಬ್ಬರು ಸಿಕ್ಕಿದ್ದರು. ಅವರ ಜೊತೆ ಮಾತಾಡಿ ಬಂದವನ ಮುಖ ಸಪ್ಪಗಾಗಿತ್ತು.

"ಮೇಡಂರಿ, ನಮ್ಮ ಡೇರೆಯಿಂದ ಒಂದ ಹೆಣ್ಮಗಳ ಹೊಟ್ಟಿ ಮ್ಯಾಲ ಹೊಡದಂಗ ಆಗ್ಯದ್ರಿ."

ಆ ಅಡುಗೆಯವಳ ಹೆಸರು ದೇವಿಂದ್ರಮ್ಮ. ಮಕ್ಕಳಿಲ್ಲ. ಇಷ್ಟು ವರ್ಷ ಅವಳ ಕೈಯಿಂದ ಉಂಡ ಮಕ್ಕಳೇ ಈಗ ಆಕೆಯನ್ನು "ಗೆಲಾಕ್ಸಿ" ಅಂತ ಕರೆಯುತ್ತಿದ್ದರು. ಗೆಲಾಕ್ಸಿ ಬಂದಳು, ಗೆಲಾಕ್ಸಿ ಸಾರು ಹಾಕಿದಳು. ಮಕ್ಕಳ ಬಾಯಿಂದ ಅದು ಮನೆಗಳಿಗೆ ಹೋಯಿತು. ಮನೆಗಳಲ್ಲಿ ಹಳೆಯ ಕೊಳಕು ಮಾತಿಗೆ ಜೀವ ಬಂತು: ಬಂಜೆಯ ಕೈಯ ಅನ್ನ ಬೆಳೆಯುವ ಮಕ್ಕಳಿಗೆ ಒಳ್ಳೆಯದೇ? ಅವಳನ್ನು ಬಿಡಿಸಿ ಬೇರೆಯವರನ್ನು ಹಾಕಿ ಅಂತ ಪಾಲಕರು ಸಭೆ ಕರೆದಿದ್ದರು. ಮರುದಿನವೇ ಆ ಸಭೆ.

"ಮೊದಲ ಯಾರೂ ಹಿಂಗ ಅಂತಿದ್ದಿಲ್ಲಂತ್ರಿ. ಈಗ ಕೇಳಿದ್ರ, ಸೈನ್ಸಿನವರ ಹೇಳ್ಯಾರಲ್ಲ ಅಂತಾರಂತ" ಅಂದ ಮಹಿಬೂಬ.

ಚಹಾದ ಗ್ಲಾಸು ಹಾಗೇ ಕೆಳಗಿಟ್ಟೆ. ಊರಿನ ಬೈಗುಳ ಊರಲ್ಲೇ ಮೂಲೆ ಹಿಡಿದು ಬಿದ್ದಿತ್ತು. ಅದನ್ನು ಎಬ್ಬಿಸಿ, ಝಾಡಿಸಿ, ಸರ್ಕಾರಿ ವ್ಯಾನಿನಲ್ಲಿ ಕೂರಿಸಿ, ವಿಜ್ಞಾನದ ಮುದ್ರೆ ಒತ್ತಿ ಮನೆಮನೆಗೆ ಮುಟ್ಟಿಸಿದ್ದು ನಮ್ಮ ಕಚೇರಿ. ಇದಕ್ಕಿಂತ ನಾಚಿಕೆಗೇಡು ಬೇರೆ ಏನಿದೆ? ಮೂಢನಂಬಿಕೆ ಬಿಡಿಸಲು ಸಂಬಳ ತೆಗೆದುಕೊಳ್ಳುವವರು ನಾವು!

ಮರುದಿನ ನಮಗೆ ಬೇರೆ ಶಾಲೆಯ ಕಾರ್ಯಕ್ರಮವಿತ್ತು. ಮಹಿಬೂಬನಿಗೆ, "ಗಾಡಿ ಕಕ್ಕೇರಾಕ್ಕ ತಿರುಗಸು" ಅಂದೆ.

"ಸಾಹೇಬ್ರು ಕೇಳಿದ್ರ?"

"ನಾ ಹೇಳ್ತೀನಿ. ನೀ ನಡಿ."

"ನೀವ್ ಹೇಳ್ತೀರಿ ಖರೇ, ಬೈಸ್ಕೊಳ್ಳಾಂವ ನಾ" ಅಂದವನೇ ಗೇರು ಹಾಕಿದ.

ಶಾಲೆ ಮುಟ್ಟಿದಾಗ ದೇವಿಂದ್ರಮ್ಮ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು ಬೇಳೆ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ. ಮೊರದಿಂದ ಕಣ್ಣನ್ನೂ ತೆಗೆಯಲಿಲ್ಲ.

"ಮತ್ತ ಬಂದ್ರೇನು? ಹೋದ ಸಲ ಬಂದಾಗ ನನ್ನ ಹೆಸರ ಬದಲ ಮಾಡಿ ಹೋದ್ರಿ. ಈ ಸಲ ಏನ್ ಬದಲ ಮಾಡಾವ್ರು?"

"ತಪ್ಪ ತಿದ್ದಾಕ ಬಂದೀನಿ ದೇವಿಂದ್ರಮ್ಮ."

"ತಿದ್ರಿ. ಮಧ್ಯಾಹ್ನದ ತನಕಾ ನಾ ಇಲ್ಲೇ ಇರ್ತೀನಿ. ಆಮ್ಯಾಲಿಂದು ಗೊತ್ತಿಲ್ಲ."

ಹೆಡ್‌ಮಾಸ್ತರು ಒಳ್ಳೆಯವರೇ, ಆದರೆ ಅಂಜುಬುರುಕರು. ಸಭೆಗೆ ಮೊದಲು ಡೇರೆ ಹಾಕುತ್ತೇನೆ, ಪಾಲಕರನ್ನೇ ಒಳಗೆ ಕೂರಿಸಿ ಅಂದೆ. "ಅದೆಲ್ಲಾ ಯಾಕ್ರಿ ಮೇಡಂ, ಸುಮ್ನ ಗದ್ದಲ ಆಗ್ತದ" ಅಂದರು. "ಗದ್ದಲ ಆಗ್ಲಿ ಅಂತನ ಬಂದೀನ್ರಿ" ಅಂದೆ. ಮಹಿಬೂಬ ಆಗಲೇ ಫ್ಯಾನು ಹಚ್ಚಿದ್ದ. ಏಳುತ್ತಿರುವ ಗುಮ್ಮಟ ನೋಡಿ ಜನ ತಾವಾಗಿಯೇ ಬಂದರು.

ಪಾಲಕರಲ್ಲಿ ಜೋರಿನ ಮನುಷ್ಯ ಬಸಲಿಂಗಪ್ಪ. ಸಭೆ ಕರೆಸಿದವನೂ ಅವನೇ. ನಡುವಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ದೇವಿಂದ್ರಮ್ಮನನ್ನು ನಾನು ಒಳಗೆ ಕರೆಯಲಿಲ್ಲ, ಆಕೆ ಬರಲೂ ಇಲ್ಲ.

ಚಿತ್ರ ಹಾಕಿದೆ. ದನಿ ಬಂದ್ ಮಾಡಿದೆ. ಎಷ್ಟೋ ದಿನದ ಮೇಲೆ ನನ್ನ ಬಾಯಿಯ ಬೀಗ ತೆಗೆದಂತಾಯಿತು. ನಕ್ಷತ್ರ ಹುಟ್ಟು ನಿಂತ ಆ ಕೆಂಪು ಗೆಲಾಕ್ಸಿ ತಲೆಯ ಮೇಲೆ ಬಂದು ನಿಂತಿತು.

"ಬಸಲಿಂಗಪ್ಪ, ನಿಮ್ಮ ಹೊಲ ಎಲ್ಲಿ ಬರ್ತದ?"

"ಕಾಲುವಿ ಕೊನಿಗ್ರಿ."

"ನೀರ ಮುಟ್ತದೇನು?"

"ಎಲ್ಲಿ ಮುಟ್ತದ್ರಿ! ಮ್ಯಾಲಿನವರ ಎರಡೆರಡ ಸಲ ನೆಲ್ಲ ಹಚ್ಚತಾರ. ನಮ್ಮ ತನಕಾ ಬರೂದ್ರಾಗ ಕಾಲುವಿನ ಒಣಗಿರ್ತದ."

"ಮತ್ತ ನಿಮ್ಮ ಹೊಲ ಬಂಜರ ಅನ್ರಿ."

"ಯಾಕ್ರಿ?" ಕತ್ತಲಲ್ಲೇ ಅವನು ಎದ್ದು ನಿಂತ. ಅವನ ನೆರಳು ಗೆಲಾಕ್ಸಿಯ ಅರ್ಧಭಾಗ ಮುಚ್ಚಿತು. "ಎರಿ ಹೊಲ ಐತಿ ನಂದು, ಕರಿ ಮಣ್ಣು! ನೀರ ಬಿಟ್ಟ ನೋಡ್ರಿ, ಏನ್ ಬೆಳೀತದ! ಗೇಟ ಬಂದ್ ಮಾಡಿದವರನ್ನ ಬಿಟ್ಟು ನನ್ನ ಹೊಲಕ್ಕ ಅಂತೀರಲ್ಲ!"

"ಕುಂದರ್ರಿ. ನೀವ ಹೇಳಿದ್ದ ಖರೇ. ಇದೂ ಹಂಗ" ಅಂದು ಮೇಲೆ ಬೆರಳು ತೋರಿಸಿದೆ.

ಹೊರಗಿಂದ ಬರುವ ಅನಿಲದ ಕಥೆ ಹೇಳಿದೆ. ಆಮೇಲೆ ಹೆಂಗಸರ ಕಡೆ ತಿರುಗಿ, ಬೇಸಿಗೆಯಲ್ಲಿ ಡಬ್ಬಿಯೊಳಗಿನ ತುಪ್ಪ ಗಟ್ಟಿಯಾಗುತ್ತದೆಯೇ ಅಂತ ಕೇಳಿದೆ. "ನಮ್ಮೂರ ಬಿಸಲಿಗೆ ತುಪ್ಪ ನೀರಾಗಿರ್ತದ್ರೆವ್ವ" ಅಂತ ನಕ್ಕರು. ತುಪ್ಪ ಕೆಟ್ಟಿದೆಯೇ? ಇಲ್ಲ. ಡಬ್ಬಿ ಕೆಟ್ಟಿದೆಯೇ? ಇಲ್ಲ. ಕಾವು ಹೆಚ್ಚಾಗಿದೆ ಅಷ್ಟೇ. ಕಾದ ಅನಿಲ ಕೂಡ ಹಾಗೆಯೇ, ಗಟ್ಟಿಗೂಡಿ ನಕ್ಷತ್ರವಾಗುವುದಿಲ್ಲ. ಗುಂಪಿನೊಳಗೆ ಬಿದ್ದು ಅನಿಲ ಕಳೆದುಕೊಳ್ಳುವ ಗೆಲಾಕ್ಸಿಯನ್ನೂ ತೋರಿಸಿದೆ. ಹೊಸದು ಹುಟ್ಟದಿದ್ದರೂ ಅಲ್ಲಿ ಕೋಟಿ ಕೋಟಿ ಹಳೆಯ ನಕ್ಷತ್ರಗಳು ಇನ್ನೂ ಉರಿಯುತ್ತಿವೆ, ಬಹಳ ದೊಡ್ಡ ಗೆಲಾಕ್ಸಿಗಳಲ್ಲಿ ಎಷ್ಟೋ ಇಂಥವೇ ಅಂತ ಹೇಳಿದೆ. ಕೊನೆಗೆ ತಡೆಯಲಾಗಲಿಲ್ಲ.

"ಹೋದ ಸಲ ಇದಕ್ಕ ಬಂಜಿ ಅಂದ ದನಿ ನಮ್ಮ ಕಚೇರಿದು. ಅದು ವಿಜ್ಞಾನ ಅಲ್ಲ. ಬರದಾಂವಗ ಗೊತ್ತಿರಲಿಲ್ಲ, ಹೇಳಿದ್ರ ಕೇಳಲಿಲ್ಲ. ಆ ಮಾತ ಹಿಡಕೊಂಡು ಒಂದ ಹೆಣ್ಮಗಳನ್ನ ಒಲಿ ಮುಂದಿಂದ ಎಬ್ಬಸಾಕ ಹೊಂಟೀರಲ್ಲ, ನಿಮ್ಮ ಮಕ್ಕಳ ಹೊಟ್ಟಿ ಯಾವಾಗರೆ ಕೆಟ್ಟದೇನು ಆಕಿ ಕೈ ಊಟದಿಂದ? ಹೇಳ್ರಿ!"

ಕತ್ತಲಲ್ಲಿ ಒಬ್ಬ ಮುದುಕಿ, "ಆಕಿ ಸಾರ ಛಲೋ ಮಾಡ್ತಾಳ, ನನ್ನ ಮೊಮ್ಮಗ ಮನ್ಯಾಗ ಉಣ್ಣಂಗಿಲ್ಲ" ಅಂದಳು. ಬಸಲಿಂಗಪ್ಪ ಗಂಟಲು ಸರಿಮಾಡಿಕೊಂಡು, "ನಮದೇನ ಹಟ ಇಲ್ಲ ಬಿಡ್ರಿ" ಅಂದ. ಹಟ ಅವನದೇ ಆಗಿತ್ತು. ಸಭೆ ನಡೆಯಲೇ ಇಲ್ಲ. ಹೆಡ್‌ಮಾಸ್ತರು ತಾವೇ ನಿರ್ಧಾರ ಮಾಡಿದವರ ಗತ್ತಿನಲ್ಲಿ, "ದೇವಿಂದ್ರಮ್ಮ ಮುಂದುವರೀತಾಳ" ಅಂತ ಸಾರಿದರು.

ಕಚೇರಿಯಲ್ಲಿ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅನುಮತಿಯಿಲ್ಲದೆ ವ್ಯಾನು ಒಯ್ದದ್ದಕ್ಕೆ, ದನಿ ಬಂದ್ ಮಾಡಿದ್ದಕ್ಕೆ ನನಗೆ ನೋಟಿಸು ಬಂತು. ಮಹಿಬೂಬನೂ ಅವನು ಹೇಳಿದ ಹಾಗೆಯೇ ಬೈಸಿಕೊಂಡ. ಸಾಹೇಬರು ಕೊನೆಗೆ ಬಂಜೆ ತೆಗೆದು ಮುದುಕಿ ಅಂತ ಹಾಕಿದರು. ಶಹನಾಯಿ ಹಾಗೇ ಇತ್ತು. ಹೆಂಗಸನ್ನು ಬಿಟ್ಟು ಒಂದು ಗೆಲಾಕ್ಸಿಯ ಬಗ್ಗೆ ಮಾತಾಡಲು ಆ ಮನುಷ್ಯನಿಗೆ ಬರಲೇ ಇಲ್ಲ. ನಾನು ನಿವೃತ್ತಿಯವರೆಗೂ ಆ ಭಾಗ ಬಂದಾಗ ದನಿ ಬಂದ್ ಮಾಡುತ್ತಿದ್ದೆ. ನೀವೂ ಮಾಡಿ. "ನಕ್ಷತ್ರ ಹುಟ್ಟು ನಿಂತ ಗೆಲಾಕ್ಸಿ" ಅಂತ ಉದ್ದಕ್ಕೆ ಹೇಳಿ, ಬಾಯಿ ನೋಯುವುದಿಲ್ಲ.

ಆದರೆ ನಾನು ಗೆದ್ದೆ ಅಂತ ನೀವು ತಿಳಿಯಬಾರದು. ಅದಕ್ಕೇ ಆ ದಿನದ ಉಳಿದದ್ದನ್ನೂ ಹೇಳಬೇಕು.

ಡೇರೆಯಿಂದ ಹೊರಬಂದಾಗ ಊರ ಹೆಂಗಸರು ನನ್ನ ಉಡಿ ತುಂಬಲು ತಯಾರಾಗಿದ್ದರು. ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವ ಪ್ರೀತಿ ನಮ್ಮ ಕಡೆ ಇದೆ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ತಟ್ಟೆಯಲ್ಲಿ ಇಟ್ಟುಕೊಂಡು ನಿಂತಿದ್ದರು. ಆದರೆ ಉಡಿ ತುಂಬುವ ಕೈ ಮಾತ್ರ ಮಕ್ಕಳನ್ನು ಹೆತ್ತವಳದ್ದೇ ಆಗಬೇಕು, ಅದೂ ನಮ್ಮ ಕಡೆಯದೇ ರೂಢಿ. ಡೇರೆಯೊಳಗೆ ಆಡಿದ ಮಾತಿನ ಬಿಸಿ ನನ್ನಲ್ಲಿ ಇನ್ನೂ ಇತ್ತು. ಸೆರಗು ಒಡ್ಡಿ, ಎಲ್ಲರಿಗೂ ಕೇಳುವಂತೆ, "ನನ್ನ ಉಡಿ ದೇವಿಂದ್ರಮ್ಮ ತುಂಬಲಿ" ಅಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಟ್ಟೆ ಹಿಡಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ದೇವಿಂದ್ರಮ್ಮ ಅಡುಗೆಕೋಣೆಯಿಂದ ಇಳಿದು ಬಂದಳು, ಸೌಟು ಕೈಯಲ್ಲೇ ಇತ್ತು. ತಟ್ಟೆ ಮುಟ್ಟಲಿಲ್ಲ.

"ಬ್ಯಾಡ್ರಿ ಅಕ್ಕೋರ. ನನ್ನ ಮುಂದ ಮಾಡಿ ಇವರಿಗೆ ಮತ್ತೊಂದ ಪಾಠ ಹೇಳಬ್ಯಾಡ್ರಿ. ನನ್ನ ಸಲುವಾಗಿ ಬಂದ್ರಿ, ನನ್ನ ಕೆಲಸ ಉಳೀತು, ನಿಮ್ಮ ಉಪಕಾರ ಮರೆಯಂಗಿಲ್ಲ. ಆದ್ರ ಒಂದ ಮಾತ ಹೇಳ್ರಿ. ಬಂಜಿ ಅನಬಾರದು ಅಂತ ತೋರ್ಸಾಕ ಇವರಿಗೆ ಆಕಾಶ ಬೇಕಾತೇನು? ಇಷ್ಟ ವರ್ಷ ಇವರ ಮಕ್ಕಳಿಗೆ ನಾ ಹಾಕಿದ ಅನ್ನ ಸಾಲಲಿಲ್ಲೇನು?"

ಒಡ್ಡಿದ ಸೆರಗನ್ನು ಸುಮ್ಮನೆ ಕೆಳಗೆ ಬಿಟ್ಟೆ.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಬಡಿಯುತ್ತಾ ಓಡಿ ಬಂದು ಸಾಲು ನಿಂತರು, ಗೆಲಾಕ್ಸಿ ಅಂದಿದ್ದ ಬಾಯಿಗಳೇ. ದೇವಿಂದ್ರಮ್ಮ ಒಬ್ಬೊಬ್ಬರಿಗೂ ಅನ್ನ ಹಾಕಿ, ಬಿಸಿ ಅದ ನೋಡು, ಊದಿ ಉಣ್ಣು ಅನ್ನುತ್ತಾ ಸಾರು ಬಡಿಸುತ್ತಿದ್ದಳು. ನಾನೂ ಒಂದು ತಟ್ಟೆ ತೆಗೆದುಕೊಂಡು ಆ ಸಾಲಿನ ಕೊನೆಗೆ ಹೋಗಿ ನಿಂತೆ.